ಬೀಟಲ್ಸ್‌ನ ಅತಿ ವಿಚಿತ್ರ ಹಾಡು ಯಾವುದು? ಮಡಿಕೇರಿಯಲ್ಲಿ ನಾವು ಈ ವಾದ ನಡೆಸುವ ಕ್ರಮ

ಲೆನನ್, ಮೆಕಾರ್ಟ್ನಿ, ಹ್ಯಾರಿಸನ್, ರಿಂಗೋ ಎಂಬ ನಾಲ್ವರ ಬ್ರಿಟಿಷ್ ಬ್ಯಾಂಡ್ ಬೀಟಲ್ಸ್‌ನ ಆಲ್ಬಮ್‌ಗಳಲ್ಲಿ ಅತಿ ವಿಚಿತ್ರವಾದ ಹಾಡು ಯಾವುದು ಎಂಬ ವಾದ ಸಾಮಾನ್ಯವಾಗಿ ಐದು ನಿಮಿಷಕ್ಕೆ ಸತ್ತುಹೋಗುತ್ತದೆ. ಯಾರೋ ಒಬ್ಬರು ‘ರೆವಲ್ಯೂಷನ್ 9’ ಅನ್ನುತ್ತಾರೆ, ಮತ್ತೊಬ್ಬರು ಅದು ಹಾಡೇ ಅಲ್ಲ ಅನ್ನುತ್ತಾರೆ, ಅಲ್ಲಿಗೆ ಮಾತು ಕಾಳುಮೆಣಸಿನ ರೇಟಿನ ಕಡೆ ಹೊರಳುತ್ತದೆ. ಇದೇ ವಾದವನ್ನು ಒಂದಿಡೀ ಸಂಜೆ, ಬೇಕಾದರೆ ಒಂದಿಡೀ ಮಳೆಗಾಲ ಎಳೆಯುವುದಕ್ಕೆ ನಮ್ಮ ಕೇಳುಗರ ಕೂಟದಲ್ಲಿ ಒಂದು ಪದ್ಧತಿ ಕೂಡಿಬಂದಿದೆ. ಬೇರೆ ಊರಿನವರಿಗೂ ಉಪಯೋಗಕ್ಕೆ ಬರಬಹುದು ಎಂದು ಬರೆದಿಡುತ್ತಿದ್ದೇನೆ.

ಪದ್ಧತಿಯ ಬುಡ ಒಂದೇ. ಹಾಡನ್ನು ಅದು ಕೂತಿರುವ ಜಾಗದಿಂದ ಕಿತ್ತು ಕೇಳಿಸಬಾರದು. ಎಲ್‌ಪಿಯ (ಎರಡು ಬದಿಯ ದೊಡ್ಡ ಗ್ರಾಮಫೋನ್ ಪ್ಲೇಟಿನ) ಒಂದು ಸೈಡನ್ನು ಮೊದಲಿಂದ ಕೊನೆಯವರೆಗೆ ಹಾಕಬೇಕು, ಆಮೇಲೆ ಮಾತಾಡಬೇಕು. ಬರೀ ಹಾಡನ್ನು ಹಾಕಿದರೆ ಸದ್ದು ಮಾತ್ರ ವಿಚಿತ್ರವೋ ಅಲ್ಲವೋ ಗೊತ್ತಾಗುತ್ತದೆ. ಅದರ ಹಿಂದೆ ಏನು ಬಂತು, ಮುಂದೆ ಏನು ಬರುತ್ತದೆ ಎಂದು ಗೊತ್ತಿದ್ದಾಗ ಮಾತ್ರ ‘ಇದು ಇಲ್ಲಿ ಯಾಕೆ?’ ಎಂಬ ಪ್ರಶ್ನೆ ಏಳುತ್ತದೆ. ವಾದಕ್ಕೆ ಬೇಕಾಗಿರುವುದು ಆ ಪ್ರಶ್ನೆ.

ಮೊದಲು ಗಡಿ ಹಾಕಿಕೊಳ್ಳಿ. ಬ್ರಿಟನ್ನಿನ 12 ಸ್ಟುಡಿಯೋ ಆಲ್ಬಮ್, ಜೊತೆಗೆ 1967ರ ‘ಮ್ಯಾಜಿಕಲ್ ಮಿಸ್ಟರಿ ಟೂರ್’, ಒಟ್ಟು 13. ಇಷ್ಟೇ ಕಣ. ಆ ಕಾಲದಲ್ಲಿ ಅಮೆರಿಕದಲ್ಲಿ ಹಾಡುಗಳನ್ನು ಹೆಕ್ಕಿ ಬೇರೆಯೇ ಆಲ್ಬಮ್‌ಗಳನ್ನು ಮಾಡುತ್ತಿದ್ದರು. ಅಲ್ಲಿನ ಮೂಲ ‘ರಿವಾಲ್ವರ್’ನಲ್ಲಿ ಬ್ರಿಟನ್ನಿನದಕ್ಕಿಂತ ಮೂರು ಹಾಡು ಕಡಿಮೆ. ವಿದೇಶದ ನೆಂಟರು ತಂದ ಪ್ಲೇಟಿನ ಮೇಲೆ ಒಬ್ಬ, ಕಲ್ಕತ್ತೆಯ ಡಂ ಡಂನಲ್ಲಿ ಒತ್ತಿದ ಪ್ಲೇಟಿನ ಮೇಲೆ ಇನ್ನೊಬ್ಬ ವಾದಕ್ಕಿಳಿದರೆ ಇಬ್ಬರ ಹಾಡಿನ ಕ್ರಮವೂ ಬೇರೆಯಾಗಿರುವ ಸಾಧ್ಯತೆ ಇದೆ. ಕವರಿನ ಹಿಂಭಾಗ ನೋಡಿ ತಾಳೆ ಹಾಕಿಕೊಂಡ ಮೇಲೇ ಶುರು ಮಾಡಿ.

ಈ ಗಡಿಯಿಂದ ಕೆಲವು ಒಳ್ಳೊಳ್ಳೆ ವಿಚಿತ್ರ ಹಾಡುಗಳು ಹೊರಗೆ ಬೀಳುತ್ತವೆ. ‘ಯು ನೋ ಮೈ ನೇಮ್’ 1970ರಲ್ಲಿ ‘ಲೆಟ್ ಇಟ್ ಬಿ’ ಸಿಂಗಲ್‌ನ (ಬದಿಗೊಂದೇ ಹಾಡಿನ ಸಣ್ಣ ಪ್ಲೇಟಿನ) ಹಿಂಬದಿಯಲ್ಲಿ ಬಂದದ್ದು, ಆಲ್ಬಮ್ಮಿನದಲ್ಲ. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಬ್ರಯನ್ ಜೋನ್ಸ್ ಅದರಲ್ಲಿ ಸ್ಯಾಕ್ಸೊಫೋನ್ ಊದಿದ್ದಾನೆ ಎಂದು ಎಷ್ಟು ಕೂಗಾಡಿದರೂ ಒಳಗೆ ಬಿಡುವಂತಿಲ್ಲ. 1968ರ ಜನವರಿಯಲ್ಲಿ ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮವರೇ ವಾದ್ಯ ನುಡಿಸಿದ ‘ದಿ ಇನ್ನರ್ ಲೈಟ್’ ಕೂಡ ಸಿಂಗಲ್ಲೇ. ಕೊಡಗಿನವರಿಗೆ ಹೊಟ್ಟೆ ಉರಿಸುವುದು 1966ರ ‘ರೇನ್’. ವೇಗವಾಗಿ ನುಡಿಸಿ ಟೇಪನ್ನು ನಿಧಾನ ಮಾಡಿದ್ದು, ಕೊನೆಗೆ ದನಿ ಹಿಂದುಮುಂದಾಗಿ ಓಡುತ್ತದೆ. ಮಳೆ ಊರಲ್ಲಿ ಮಳೆ ಹಾಡನ್ನೇ ಹೊರಗಿಟ್ಟಿರಾ ಎಂದು ಪ್ರತಿ ವರ್ಷ ತಕರಾರು ಬರುತ್ತದೆ. ಕಾಫಿ ಬಿಡುವಿನಲ್ಲಿ ಹಾಕುತ್ತೇವೆ, ಅಂಕ ಮಾತ್ರ ಇಲ್ಲ.

ಗಡಿಯಾದ ಮೇಲೆ ಮುದ್ರಣ. ಮೋನೊವೋ (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು) ಸ್ಟೀರಿಯೋವೋ (ಎಡಬಲಕ್ಕೆ ಬೇರೆ ಬೇರೆ ಸದ್ದು) ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಅರ್ಧ ಸಂಜೆ ಅದರಲ್ಲೇ ಹೋಗುತ್ತದೆ. 1968ರ ‘ವೈಟ್ ಆಲ್ಬಮ್’ನ ಸ್ಟೀರಿಯೋದಲ್ಲಿ ‘ಹೆಲ್ಟರ್ ಸ್ಕೆಲ್ಟರ್’ ನಾಲ್ಕೂವರೆ ನಿಮಿಷ; ಹಾಡು ಮಾಯವಾಗಿ ಮತ್ತೆ ಮರಳಿ ಬಂದು, ಕೊನೆಗೆ ಡ್ರಮ್ ಬಾರಿಸುವ ರಿಂಗೋ ತನ್ನ ಬೆರಳಿನ ಬೊಬ್ಬೆಯ ಬಗ್ಗೆ ಅರಚುತ್ತಾನೆ. ಮೋನೊದಲ್ಲಿ ಆ ಅರಚಾಟ ಇಲ್ಲ, ಸುಮಾರು ಐವತ್ತು ಸೆಕೆಂಡು ಕಡಿಮೆ. ‘ಡೋಂಟ್ ಪಾಸ್ ಮಿ ಬೈ’ ಮೋನೊದಲ್ಲಿ ಬೇಗ ಓಡುತ್ತದೆ, ಪಿಟೀಲಿನ ಮುಕ್ತಾಯವೂ ಬೇರೆ. ‘ಶೀಸ್ ಲೀವಿಂಗ್ ಹೋಮ್’ ಮೋನೊದಲ್ಲಿ ಅರ್ಧಸ್ವರ ಮೇಲಿದೆ. ಇದರ ಮೇಲೆ 2017ರಿಂದ ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್‌ರ ಮಗ ಜೈಲ್ಸ್ ಮಾರ್ಟಿನ್ ಮಾಡಿದ ಹೊಸ ಮಿಕ್ಸ್‌ಗಳು ಬೇರೆ. ನಮ್ಮಲ್ಲಿ ಮೂಲ ಸ್ಟೀರಿಯೋ ಪ್ರಮಾಣ. ಮೋನೊ ಬೇಕೆಂದವರು ಹಾಡಿನ ಹೆಸರು ಹೇಳಿ ಮೊದಲೇ ಅರ್ಜಿ ಹಾಕಬೇಕು.

ಇನ್ನು ಅಂಕ. ಒಂದು ಹಾಡಿಗೆ 25. ನಾದಕ್ಕೆ 5, ಕಟ್ಟಿಗೆ 5, ಕಾಲಕ್ಕೆ 5, ಜಾಗಕ್ಕೆ 10. ನಾದ ಎಂದರೆ ಕಿವಿಗೆ ಬೀಳುವ ಸದ್ದು. ಕಟ್ಟು ಎಂದರೆ ಪಲ್ಲವಿ, ಚರಣ, ತಾಳದ ಲೆಕ್ಕ ಎಷ್ಟು ತಪ್ಪಿದೆ ಎಂಬುದು. ‘ಹ್ಯಾಪಿನೆಸ್ ಈಸ್ ಎ ವಾರ್ಮ್ ಗನ್’ ಮೂರು ನಿಮಿಷವೂ ಇಲ್ಲ, ಅಷ್ಟರೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ತುಣುಕುಗಳು, ಮೇಲಿಂದ ಮೇಲೆ ಬದಲಾಗುವ ತಾಳ. ಅಲ್ಲಿ 5 ಕೊಡದವರು ಎಣಿಸಿಲ್ಲ ಎಂದೇ ಅರ್ಥ. ಕಾಲ ಎಂದರೆ ಅದೇ ವರ್ಷ ಅವರೇ ಮಾಡಿದ ಬೇರೆ ಹಾಡುಗಳ ಪಕ್ಕ ಇದು ಎಷ್ಟು ದೂರ ನಿಲ್ಲುತ್ತದೆ ಎಂಬುದು. ಜಾಗಕ್ಕೆ ಎರಡರಷ್ಟು ತೂಕ ಯಾಕೆ ಎಂಬುದನ್ನು ಆಗಲೇ ಹೇಳಿದೆ.

‘ಇಷ್ಟ’ಕ್ಕೆ ಅಂಕವಿಲ್ಲ. ಚೀಟಿಯ ಹಿಂಭಾಗದಲ್ಲಿ ಬರೆಯಬಹುದು, ಕೂಡಿಸುವುದಿಲ್ಲ. ಆ ಜಾಗ ಕೊಡದಿದ್ದರೆ ಆಗುವ ಅನಾಹುತ ಇದು: ಜನ ತಮಗೆ ಹಿಡಿಸದ ಹಾಡಿಗೆಲ್ಲ ವಿಚಿತ್ರ ಎಂದು 20, 22 ಹಾಕುತ್ತಾರೆ. ‘ಮ್ಯಾಕ್ಸ್‌ವೆಲ್ಸ್ ಸಿಲ್ವರ್ ಹ್ಯಾಮರ್’ ಹೀಗೆ ಸುಮ್ಮನೆ ಮೇಲೇರುತ್ತದೆ. ಅದರಲ್ಲಿ ಅಡಿಗಲ್ಲಿನ ಮೇಲೆ ಸುತ್ತಿಗೆ ಬಡಿದ ಸದ್ದು ಇದೆ, ಕೊಲೆಯ ಕತೆ ಇದೆ, ಸರಿ; ಆದರೆ ಕಟ್ಟು ನೋಡಿದರೆ ಸ್ಕೂಲ್ ಡೇ ಹಾಡು. ಬೇಸರ ಬೇರೆ, ವಿಚಿತ್ರ ಬೇರೆ. ಬೈಯಲು ಒಂದು ಜಾಗ ಕೊಟ್ಟರೆ ಅಂಕ ತಾನಾಗಿ ನೆಟ್ಟಗಾಗುತ್ತದೆ.

ಸೈಡು ಮುಗಿದ ಕೂಡಲೇ, ಯಾರೂ ಬಾಯಿ ಬಿಡುವ ಮೊದಲೇ ಚೀಟಿ ತುಂಬಬೇಕು. ದೊಡ್ಡ ಗಂಟಲಿನವರು ಮೊದಲು ಮಾತಾಡಿದರೆ ಉಳಿದವರ ಅಂಕ ಆ ಕಡೆಗೇ ವಾಲುತ್ತದೆ. ವಾದವಾದ ಮೇಲೆ ಅಂಕ ತಿದ್ದಬಹುದು, ಆದರೆ ಬೇರೆ ಬಣ್ಣದ ಪೆನ್ನಿನಲ್ಲಿ. ಯಾರ ಮಾತು ಎಷ್ಟು ಜನರನ್ನು ಕದಲಿಸಿತು ಎಂಬುದು ಆ ಬಣ್ಣದಲ್ಲೇ ಕಾಣುತ್ತದೆ.

ಈಗ ಸಾಮಾನು, ಸರಂಜಾಮು. ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಯಲ್ಲಿ ಪ್ಲೇಟಿಗೆ ಬೂಷ್ಟು ಹಿಡಿಯುವುದು ಖಂಡಿತ. ಕಾಗದದ ಒಳಚೀಲ ತೇವ ಹೀರಿಕೊಂಡು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಬಿಳಿ ಚುಕ್ಕೆ ಅಲ್ಲಿಂದಲೇ ಶುರು. ಕಾಗದ ತೆಗೆದು ತೆಳು ಎಚ್‌ಡಿಪಿಇ ಪ್ಲಾಸ್ಟಿಕ್ ಚೀಲ ಹಾಕಿ, ಆದರೆ ಹೊರಗಿನ ಪ್ಲಾಸ್ಟಿಕ್ಕನ್ನು ಬಿಗಿಯಾಗಿ ಮುಚ್ಚಬೇಡಿ. ಒಳಗಿನ ತೇವಕ್ಕೆ ದಾರಿ ಬೇಕು. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿ ಏರಿಸುವವರಿದ್ದಾರೆ. ಬೂಷ್ಟು ಬರುವುದಿಲ್ಲ ನಿಜ, ಹೊಗೆಯ ಜಿಡ್ಡು ಗೆರೆಯೊಳಗೆ ಕೂರುತ್ತದೆ, ಅದು ಬೂಷ್ಟಿಗಿಂತ ಕಷ್ಟ. ಬಟ್ಟೆ ಬೀರುವಿನಲ್ಲಿ 15 ವ್ಯಾಟಿನ ಬಲ್ಬು ಉರಿಸುವ ಹಳೇ ಉಪಾಯ ಚೆನ್ನಾಗಿಯೇ ನಡೆಯುತ್ತದೆ, ಬಲ್ಬು ಕೆಳಗಿನ ಮೂಲೆಯಲ್ಲಿರಲಿ, ಪ್ಲೇಟು ಅದರಿಂದ ಕನಿಷ್ಠ ಒಂದಡಿ ದೂರ ನೆಟ್ಟಗೆ ನಿಂತಿರಲಿ. ಹತ್ತಿರವಾದರೆ ಅಂಚು ಬಾಗುತ್ತದೆ.

ತೊಳೆಯಲು ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್. ಮೈಕ್ರೊಫೈಬರ್ ಬಟ್ಟೆಯಲ್ಲಿ ಗೆರೆಯ ದಿಕ್ಕಿಗೇ ಒರೆಸಿ, ಮಧ್ಯದ ಲೇಬಲ್ ಒದ್ದೆಯಾಗದಂತೆ ನೋಡಿಕೊಳ್ಳಿ, ಕೊನೆಗೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ. ಅಜ್ಜಂದಿರ ಕಾಲದ 78 ಆರ್‌ಪಿಎಂ ಪ್ಲೇಟಿಗೆ ಈ ದ್ರಾವಣ ಮುಟ್ಟಿಸಲೇಬಾರದು. ಅವು ಅರಗಿನವು, ಆಲ್ಕೊಹಾಲಿಗೆ ಕರಗುತ್ತವೆ. ಮಳೆಗಾಲದ ಒಂದು ಲಾಭ ಹೇಳಲೇಬೇಕು: ಗಾಳಿಯಲ್ಲಿ ತೇವ ಇರುವಾಗ ಸ್ಟ್ಯಾಟಿಕ್ ಇಲ್ಲ, ಚಟಪಟ ಕಡಿಮೆ. ಫೆಬ್ರವರಿಯ ಒಣ ಹವೆಯಲ್ಲಿ, ರಸ್ತೆ ದೂಳಿನ ನಡುವೆ, ಅದೇ ಪ್ಲೇಟು ಹುರಿಗಡಲೆ ಸಿಡಿದಂತೆ ಸಿಡಿಯುತ್ತದೆ.

ಮರದ ಮಹಡಿಯ ಹಳೆ ಮನೆಗಳಲ್ಲಿ ಟರ್ನ್‌ಟೇಬಲ್ ನೆಲದ ಮೇಲಿನ ಮೇಜಿನಲ್ಲಿ ನಿಲ್ಲದು. ಯಾರಾದರೂ ಕಾಲು ಕುಣಿಸಿದರೆ ಸೂಜಿ ಹಾರುತ್ತದೆ. ಗೋಡೆಗೆ ಬ್ರಾಕೆಟ್ ಹೊಡೆದು ಹಲಗೆ ಹಾಕಿ, ಮಟ್ಟಗೋಲು ಇಟ್ಟು ಸರಿ ಮಾಡಿ. ಸೂಜಿಯ ಭಾರವನ್ನು ತಯಾರಕರು ಹೇಳಿದಷ್ಟೇ ಇಡಿ. ಬಹಳ ಕಡೆ ಕಾಣುವ ಆಡಿಯೊ-ಟೆಕ್ನಿಕಾ ವಿಎಂ95ಇ ಆದರೆ 2 ಗ್ರಾಂ. ಹಾರುತ್ತದೆಂದು ಮೇಲೆ ನಾಣ್ಯ ಇಡುವವರನ್ನು ಟರ್ನ್‌ಟೇಬಲ್ ಹತ್ತಿರ ಬಿಡಬೇಡಿ. ಪಂದಿಕರಿ, ಕಡಂಬುಟ್ಟು ಇದ್ದರೆ ಊಟ ಮೊದಲು, ಕೈತೊಳೆದು ಪ್ಲೇಟು ಆಮೇಲೆ.

ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ಕಾರ್ಯಕ್ರಮ ಹಾಕಬೇಕು. ಅಗ್ಗದ ಇನ್ವರ್ಟರ್‌ಗಳ ಚೌಕ ಅಲೆಯ ವಿದ್ಯುತ್ತಿಗೆ, ಸೂಜಿಯ ಸಣ್ಣ ಸದ್ದನ್ನು ಹಿಗ್ಗಿಸುವ ಫೋನೊ ಪ್ರಿಆಂಪ್ ಗುಂಯ್‌ಗುಡುತ್ತದೆ, ಸೈನ್ ವೇವ್ ಇನ್ವರ್ಟರ್ ಬೇಕು. ಡಿಸಿ ಮೋಟಾರಿನ ಡೆಕ್ಕಿಗೆ (ಟರ್ನ್‌ಟೇಬಲ್ಲಿಗೆ) ವೇಗದ ತೊಂದರೆ ಇಲ್ಲ. ಹಳೆಯ ಎಸಿ ಸಿಂಕ್ರೊನಸ್ ಮೋಟಾರಿನ ಡೆಕ್ಕನ್ನು ತೋಟದ ಜನರೇಟರಿಗೆ ಹಾಕಿದರೆ ಮಾತ್ರ ಎಚ್ಚರ: ಅದು 50 ಹರ್ಟ್ಸ್‌ನಿಂದ 48ಕ್ಕೆ ಇಳಿದರೆ ವೇಗ ಶೇ. 4 ಕಡಿಮೆ, ಶ್ರುತಿ ಅರ್ಧಸ್ವರದ ಸುಮಾರು ಮುಕ್ಕಾಲು ಪಾಲು ಕೆಳಗೆ. ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ನಲ್ಲಿ ಬೇರೆ ಬೇರೆ ಶ್ರುತಿ, ಬೇರೆ ಬೇರೆ ವೇಗದ ಎರಡು ಧ್ವನಿಮುದ್ರಣಗಳನ್ನು ಸುಮಾರು ಒಂದು ನಿಮಿಷದ ಹತ್ತಿರ ಬೆಸೆದಿದ್ದಾರೆ. ಆ ಬೆಸುಗೆ ಹುಡುಕುವ ಹೊತ್ತಿಗೆ ಜನರೇಟರೂ ತನ್ನದೊಂದು ಬೆಸುಗೆ ಹಾಕಿದರೆ ವಾದ ಮುಗಿದಂತೆ.

ಫೋನಿನಿಂದ ಹಾಕುವವರಿಗೆ ಮೂರು ಮಾತು. ಕ್ರಾಸ್‌ಫೇಡ್ ಆಫ್, ಷಫಲ್ ಆಫ್, ವಾಲ್ಯೂಮ್ ನಾರ್ಮಲೈಸೇಶನ್ ಆಫ್. ನಾಪೋಕ್ಲು, ಭಾಗಮಂಡಲದ ಕಡೆ ಮಳೆಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಮೊದಲೇ ಡೌನ್‌ಲೋಡ್ ಇರಲಿ. ಮತ್ತೆ, ಒಂದೊಂದು ಕಿವಿಗೆ ಇಯರ್‌ಬಡ್ ಹಂಚಿಕೊಂಡು ಕೇಳಬೇಡಿ. 1965ರ ‘ರಬ್ಬರ್ ಸೋಲ್’ನ ಸ್ಟೀರಿಯೋದಲ್ಲಿ ಹೆಚ್ಚಿನ ಕಡೆ ದನಿ ಒಂದು ಬದಿ, ವಾದ್ಯ ಇನ್ನೊಂದು ಬದಿ, ಒಬ್ಬ ಬರೀ ಹಾಡು ಕೇಳುತ್ತಾನೆ, ಇನ್ನೊಬ್ಬ ಬರೀ ಡ್ರಮ್ಮು. ಇಬ್ಬರೂ ತಾವು ಕೇಳಿದ್ದೇ ಹಾಡು ಎಂದು ಹೊಡೆದಾಡುತ್ತಾರೆ. ಸ್ಪೀಕರ್ ಎರಡು ಮೀಟರ್ ಅಂತರದಲ್ಲಿಟ್ಟು, ಅಷ್ಟೇ ದೂರದಲ್ಲಿ ನಡುವೆ ಕೂತು ಕೇಳುವುದು ಸರಿ. ಆ ನಡುವೆ ನಾಲ್ಕೈದು ಕುರ್ಚಿಗಿಂತ ಹಿಡಿಯದು, ಸೈಡು ತಿರುಗಿಸಿದಾಗ ಕುರ್ಚಿಯೂ ಬದಲಾಗಬೇಕು.

ಇನ್ನು ಹಾಡುಗಳು. ಮಳೆ ಜೋರಾಗಿರುವ ದಿನ, ಜಿಂಕ್ ಶೀಟಿನ ಮೇಲೆ ಮಳೆ ಬಡಿಯುವಾಗ, ‘ರಿವಾಲ್ವರ್’ನ ಕೊನೆಯ ‘ಟುಮಾರೊ ನೆವರ್ ನೋಸ್’ ಧಾರಾಳವಾಗಿ ಹಾಕಬಹುದು. 1966ರ ಏಪ್ರಿಲ್‌ನಲ್ಲಿ ಆ ಆಲ್ಬಮ್ಮಿಗೆ ಮೊದಲು ಮುದ್ರಿಸಿದ ಹಾಡು ಅದೇ, ಜೋಡಿಸಿದ್ದು ಮಾತ್ರ ಕಟ್ಟಕಡೆಗೆ. ತುದಿಗೆ ತುದಿ ಅಂಟಿಸಿ ಸುತ್ತುತ್ತಲೇ ಇರುವ ಐದು ಟೇಪ್ ಲೂಪ್‌ಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಿ ಮಿಕ್ಸಿಂಗ್ ಮೇಜಿನಲ್ಲಿ ಏರಿಸಿ ಇಳಿಸಿದ್ದಾರೆ, ಲೆನನ್ ದನಿಯನ್ನು ಆರ್ಗನ್ನಿಗೆ ಬಳಸುವ ತಿರುಗುವ ಲೆಸ್ಲಿ ಸ್ಪೀಕರ್ ಮೂಲಕ ಹಾಯಿಸಿದ್ದಾರೆ. ಹೊರಗಿನ ವಿಮರ್ಶಕರು ಮೊದಲು ಬೊಟ್ಟು ಮಾಡುವುದು ಅದು ಹೆಚ್ಚುಕಡಿಮೆ ಒಂದೇ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲಿನ) ಮೇಲೆ ನಿಂತಿದೆ ಎಂಬುದಕ್ಕೆ. ಹುತ್ತರಿಗೆ ನಾಲ್ವರು ದುಡಿ ಹಿಡಿದು ಒಂದೇ ಧಾಟಿಯಲ್ಲಿ ಹಾಡು ಎಳೆಯುವುದನ್ನು ಕೇಳಿ ಬೆಳೆದವರಿಗೆ, ತಂಬೂರಿ ಶ್ರುತಿ ಗೊತ್ತಿದ್ದವರಿಗೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ನಮ್ಮ ಚೀಟಿಗಳಲ್ಲಿ ಅದಕ್ಕೆ ಕಟ್ಟಿನಲ್ಲಿ 2 ಸಿಕ್ಕರೆ ಹೆಚ್ಚು. ಕಾಲದಲ್ಲಿ ಮಾತ್ರ ಪೂರ್ತಿ 5. ‘ರಬ್ಬರ್ ಸೋಲ್’ ಬಂದದ್ದು ಅದರ ಹಿಂದಿನ ಡಿಸೆಂಬರ್‌ನಲ್ಲಿ.

‘ವಿದಿನ್ ಯು ವಿದೌಟ್ ಯು’ ಬಗ್ಗೆಯೂ ಹಾಗೆಯೇ. ‘ಸಾರ್ಜೆಂಟ್ ಪೆಪ್ಪರ್’ನ ಎರಡನೇ ಸೈಡಿನ ಮೊದಲ ಹಾಡು, ಬೀಟಲ್‌ಗಳ ಪೈಕಿ ಜಾರ್ಜ್ ಹ್ಯಾರಿಸನ್ ಒಬ್ಬನೇ. ಲಂಡನ್ನಿನ ಭಾರತೀಯ ವಾದಕರ ದಿಲ್‌ರುಬಾ, ತಬಲಾ, ತಂಬೂರಿ. ಜೊತೆಗೆ ಪಿಟೀಲು, ಚೆಲ್ಲೊ. ನಡುವಿನ ವಾದ್ಯ ಭಾಗದಲ್ಲಿ 16 ಮಾತ್ರೆ ಬಿಟ್ಟು 10 ಮಾತ್ರೆಯ ಝಪ್‌ತಾಲಕ್ಕೆ ಹೊರಳುತ್ತದೆ, ಕೈಯಲ್ಲಿ ತಾಳ ಹಾಕಿದರೆ ಸುಲಭವಾಗಿ ಸಿಗುತ್ತದೆ. ಇದನ್ನು ವಿಚಿತ್ರಗಳ ಪಟ್ಟಿಯಲ್ಲಿ ಮೇಲೆ ಇಡುವುದು ಪರದೇಶದ ಕಿವಿ. ನನಗೆ ಇದರಲ್ಲಿ ವಿಚಿತ್ರ ಅನಿಸುವುದು ಕೊನೆಯ ಕೆಲವು ಸೆಕೆಂಡು: ಅಷ್ಟು ಗಂಭೀರವಾಗಿ ಹಾಡಿ ಮುಗಿಸಿ, ಹಿಂದೆಯೇ ಗುಂಪೊಂದು ನಗುವ ಸದ್ದು ಅಂಟಿಸಿದ್ದಾರೆ. ಜಾಗದ ಅಂಕ ಆ ನಗುವಿಗೆ.

ಮಳೆ ಬಿಟ್ಟ ಸಂಜೆಗೆ ಮೀಸಲಿಡಬೇಕಾದವು ಬೇರೆ. ‘ಎ ಡೇ ಇನ್ ದ ಲೈಫ್’ನ ಕೊನೆಯ ಪಿಯಾನೊ ಕಾರ್ಡ್ 40 ಸೆಕೆಂಡಿಗೂ ಹೆಚ್ಚು ಕರಗುತ್ತಾ ಹೋಗುತ್ತದೆ. ಸದ್ದು ಸಾಯುತ್ತಿದ್ದಂತೆ ರೆಕಾರ್ಡಿಂಗ್ ಮಟ್ಟವನ್ನು ಏರಿಸುತ್ತಾ ಹೋಗಿದ್ದರಿಂದ ಕೊನೆಗೆ ಸ್ಟುಡಿಯೋದ ಕುರ್ಚಿ ಕಿರುಗುಟ್ಟುವುದೂ ಕೇಳುತ್ತದೆ. ಶೀಟಿನ ಕೆಳಗೆ ಕೂತರೆ ಕುರ್ಚಿ ಬಿಡಿ, ಕಾರ್ಡಿನ ಅರ್ಧವೂ ಸಿಗದು. ಇದರಾಚೆ, 1967ರ ಬ್ರಿಟಿಷ್ ಎಲ್‌ಪಿಯಲ್ಲಿ 15 ಕಿಲೊಹರ್ಟ್ಸ್‌ನ ಒಂದು ಸೀಟಿ, ಆಮೇಲೆ ಒಳಗಿನ ಕೊನೆಯ ಗೆರೆಯಲ್ಲಿ ಅರ್ಥವಿಲ್ಲದ ಹರಟೆಯ ತುಣುಕು ಇದೆ. ಸೀಟಿ ವಯಸ್ಸಾದವರ ಕಿವಿಗೆ ಬೀಳದು, ಅಂಗಳದ ನಾಯಿಗೆ ಬೀಳಬಹುದು. ಹರಟೆ ಕೇಳಬೇಕಾದರೆ ಕೈಯಲ್ಲಿ ಎತ್ತಿಡುವ ಡೆಕ್ಕೇ ಬೇಕು. ತಾನಾಗಿ ತೋಳು ಎತ್ತುವ ಡೆಕ್ಕು ಅಲ್ಲಿಗೆ ಮುಟ್ಟುವ ಮೊದಲೇ ಹಿಂದಿರುಗುತ್ತದೆ. ಕೈ ಡೆಕ್ಕಿನಲ್ಲಿ ಯಾರಾದರೂ ಎದ್ದು ಹೋಗುವವರೆಗೆ ಸುತ್ತುತ್ತಲೇ ಇರುತ್ತದೆ.

‘ಆಬಿ ರೋಡ್’ ನಮ್ಮ ಪದ್ಧತಿಗೆ ಹೇಳಿ ಮಾಡಿಸಿದ ಆಲ್ಬಮ್. ಮೊದಲ ಸೈಡಿನ ಕೊನೆಯ ‘ಐ ವಾಂಟ್ ಯು’ ಎಂಟು ನಿಮಿಷದ ಹತ್ತಿರ ಎಳೆದು, ಗಾಳಿಯಂಥ ಸದ್ದು ಏರುತ್ತಾ ಏರುತ್ತಾ, ನಡು ಸ್ವರದಲ್ಲಿ ಕತ್ತರಿಸಿ ಬಿದ್ದುಹೋಗುತ್ತದೆ. ಎಲ್‌ಪಿಯಲ್ಲಿ ಆಮೇಲೆ ಏನೂ ಇಲ್ಲ. ಎದ್ದು ಹೋಗಿ ಪ್ಲೇಟು ತಿರುಗಿಸಬೇಕು. ಫೋನಿನಲ್ಲಿ ಮರುಕ್ಷಣವೇ ‘ಹಿಯರ್ ಕಮ್ಸ್ ದ ಸನ್’ ಗಿಟಾರ್ ಬಂದು ಎಲ್ಲವನ್ನೂ ಸಮಾಧಾನ ಮಾಡಿಬಿಡುತ್ತದೆ. ಹಾಡು ಅದೇ, ಎರಡೂ ರೀತಿ ಕೇಳಿಸಿ ಅಂಕ ಹಾಕಿಸಿದರೆ ಜಾಗದ ಕಾಲಂ ಮಾತ್ರ ಧೊಪ್ಪನೆ ಬೀಳುತ್ತದೆ. ಜಾಗಕ್ಕೆ 10 ಯಾಕೆ ಎಂದು ಕೇಳುವ ಹೊಸಬರಿಗೆ ಇದನ್ನೇ ಹಾಕುತ್ತೇವೆ.

ಎರಡನೇ ಸೈಡಿನ ಕೊನೆಯಲ್ಲಿ ‘ಹರ್ ಮ್ಯಾಜೆಸ್ಟಿ’. ‘ದಿ ಎಂಡ್’ ಮುಗಿದು ಸುಮಾರು 14 ಸೆಕೆಂಡು ಮೌನ, ಆಮೇಲೆ ಧಡಾರನೆ ಒಂದು ಕಾರ್ಡ್, 23 ಸೆಕೆಂಡಿನ ಹಾಡು. ಮೊದಲು ಅದು ‘ಮೀನ್ ಮಿಸ್ಟರ್ ಮಸ್ಟರ್ಡ್’ ಮತ್ತು ‘ಪಾಲಿಥೀನ್ ಪ್ಯಾಮ್’ ನಡುವೆ ಇತ್ತು. ಮೆಕಾರ್ಟ್ನಿ ಬೇಡವೆಂದಾಗ, ಏನನ್ನೂ ಎಸೆಯಬಾರದು ಎಂಬ ಸ್ಟುಡಿಯೋ ನಿಯಮದಂತೆ ಎಂಜಿನಿಯರ್ ಜಾನ್ ಕರ್ಲಾಂಡರ್ ಅದನ್ನು ಟೇಪಿನ ತುದಿಗೆ ಅಂಟಿಸಿಟ್ಟ. ಆ ಧಡಾರ್ ಕಾರ್ಡ್ ವಾಸ್ತವವಾಗಿ ‘ಮಸ್ಟರ್ಡ್’ನ ಕೊನೆಯದು, ಇದರ ಸ್ವಂತ ಕೊನೆಯ ಸ್ವರ ಅತ್ತ ‘ಪ್ಯಾಮ್’ ಕಡೆ ಉಳಿದುಹೋಗಿದೆ. ಮೊದಲ ಕವರುಗಳಲ್ಲಿ ಹೆಸರೂ ಇರಲಿಲ್ಲ. ಹಾಡುತ್ತಾ ಹಾಡುತ್ತಾ ಬಲ ಸ್ಪೀಕರಿನಿಂದ ಎಡಕ್ಕೆ ನಡೆದುಹೋಗುತ್ತದೆ, ಒಂದೇ ಸ್ಪೀಕರಿನಲ್ಲಿ ಕೇಳಿದವರಿಗೆ ಅದು ತಿಳಿಯುವುದೇ ಇಲ್ಲ. ನಾದ 1, ಜಾಗ 10: ಈ ಅಂಕಕ್ಕೆ ನನ್ನ ಜೊತೆ ಜಗಳವಾಡಿದವರು ಬಹಳ, ನಾನು ಬದಲಿಸಿಲ್ಲ. ಹಳೆಯ ಪ್ಲೇಟಿನಲ್ಲಿ ತೀರಾ ಒಳಗಿನ ಗೆರೆ ಸವೆದು ಕರಕರ ಅನ್ನುತ್ತದೆ, ಅದನ್ನು ಹಾಡಿನ ವೈಚಿತ್ರ್ಯ ಎಂದುಕೊಳ್ಳಬೇಡಿ.

‘ವೈಲ್ಡ್ ಹನಿ ಪೈ’ 52 ಸೆಕೆಂಡು, ಮೆಕಾರ್ಟ್ನಿ ಒಬ್ಬನೇ ತನ್ನ ದನಿಯ ಮೇಲೆ ತನ್ನದೇ ದನಿ ಪೇರಿಸಿದ್ದು. ಚಿಕ್ಕದು, ಚೊಕ್ಕದು, ತಲೆಕೆಟ್ಟದ್ದು. ‘ಲೆಟ್ ಇಟ್ ಬಿ’ಯ ‘ಡಿಗ್ ಇಟ್’ ಕೂಡ ಹನ್ನೆರಡು ನಿಮಿಷಕ್ಕೂ ಉದ್ದದ ಆಟದಿಂದ ಕತ್ತರಿಸಿದ 50 ಸೆಕೆಂಡು. ಇವುಗಳ ಮೇಲೆ ಹೆಚ್ಚು ಹೊತ್ತು ಕೂರುವುದಿಲ್ಲ.

ಕೊನೆಗೆ ‘ರೆವಲ್ಯೂಷನ್ 9’. ಮೊದಲ ಸುತ್ತಿನಲ್ಲಿ ಇದನ್ನು ಸ್ಪರ್ಧೆಯಿಂದ ಹೊರಗಿಡಬೇಕು, ಇಲ್ಲದಿದ್ದರೆ ಉಳಿದ ಯಾವ ಹಾಡಿಗೂ ಬಾಯಿ ಸಿಗದು. ಎರಡನೇ ಸುತ್ತಿನಲ್ಲಿ ‘ವೈಟ್ ಆಲ್ಬಮ್’ನ ನಾಲ್ಕನೇ ಸೈಡನ್ನು ಪೂರ್ತಿ, ಸುಮಾರು ಇಪ್ಪತ್ತನಾಲ್ಕೂವರೆ ನಿಮಿಷ, ದೀಪ ಆರಿಸದೆ ಹಾಕಿ. ಕತ್ತಲಲ್ಲಿ ಚೀಟಿ ಬರೆಯಲಾಗದು, ಮತ್ತೆ ಕತ್ತಲು ಅದಕ್ಕೆ ಬೇಡದ ದೆವ್ವದ ಸಿನಿಮಾ ಕಳೆ ಕಟ್ಟುತ್ತದೆ. ಮೊದಲ ಹಾಡು ‘ರೆವಲ್ಯೂಷನ್ 1’. ಅದರ ಹತ್ತು ನಿಮಿಷ ದಾಟಿದ ಧ್ವನಿಮುದ್ರಣದ ಬಾಲವನ್ನೇ ಬುನಾದಿ ಮಾಡಿಕೊಂಡು ಲೆನನ್ 8 ನಿಮಿಷ 22 ಸೆಕೆಂಡಿನ ‘9’ ಕಟ್ಟಿದ್ದು, ಆದ್ದರಿಂದ ಅದೇ ಸೈಡಿನಲ್ಲಿ ಬೇರೂ ಇದೆ, ಚಿಗುರೂ ಇದೆ. ಒಂಬತ್ತು ಎಂದು ಮತ್ತೆ ಮತ್ತೆ ಹೇಳುವ ದನಿ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನ ಪರೀಕ್ಷೆಯ ಟೇಪಿನದು. ಅದು ಎಡಬಲ ಓಲಾಡುವುದನ್ನು ನಡುವಿನ ಕುರ್ಚಿಯಿಂದ ಕೇಳಬೇಕು. ನಡುವೆ ‘ಎ ಡೇ ಇನ್ ದ ಲೈಫ್’ನ ಆರ್ಕೆಸ್ಟ್ರಾ ಚೂರು ಬರುತ್ತದೆ, ಹಿಂದುಮುಂದಾದ ಪಿಟೀಲು, ಹ್ಯಾರಿಸನ್ ಮತ್ತು ಲೆನನ್ ಓದುವ ಸಂಬಂಧವಿಲ್ಲದ ವಾಕ್ಯ, ಲೆನನ್‌ನ ಸಂಗಾತಿ ಯೋಕೊ ಓನೊ ದನಿ, ಕೊನೆಗೆ ಫುಟ್‌ಬಾಲ್ ಗುಂಪಿನ ಘೋಷಣೆ. ಹೊಸಬರಿಗೆ ಕಾಗದ ಕೊಟ್ಟು ಗುರುತು ಸಿಕ್ಕ ಸದ್ದುಗಳ ಹೆಸರು ಬರೆಯಲು ಹೇಳಿ. ಕೆಲಸವಿದ್ದವರು ಎಂಟು ನಿಮಿಷ ಕೂರುತ್ತಾರೆ, ಇಲ್ಲದವರು ಮೂರನೇ ನಿಮಿಷಕ್ಕೆ ಫೋನ್ ತೆಗೆಯುತ್ತಾರೆ.

ಇಲ್ಲಿ ಸೂಜಿ ಎತ್ತಬೇಡಿ, ಬಹಳ ಜನ ಎತ್ತಿಬಿಡುತ್ತಾರೆ. ಬೆನ್ನಿಗೇ ‘ಗುಡ್ ನೈಟ್’ ಬರುತ್ತದೆ: ಲೆನನ್ ಬರೆದ ಜೋಗುಳ, ರಿಂಗೋ ದನಿ, ಜಾರ್ಜ್ ಮಾರ್ಟಿನ್ ಕೂಡಿಸಿದ ಆರ್ಕೆಸ್ಟ್ರಾ, ಹಿಂದೆ ಕೋರಸ್. ಇನ್ನೊಬ್ಬ ಬೀಟಲ್‌ನ ಸದ್ದೂ ಅದರಲ್ಲಿಲ್ಲ. ಬೇರೆ ಎಲ್ಲೇ ಇದ್ದರೂ ಅದು ಹಳೇ ಸಿನಿಮಾದ ಸಿಹಿ ಹಾಡು, ನಾದಕ್ಕೆ ಸೊನ್ನೆ. ಆ ಎಂಟು ನಿಮಿಷದ ಗದ್ದಲದ ಪಕ್ಕದಲ್ಲಿ ಅದನ್ನು ಇಟ್ಟವನ ತಲೆ ಏನಿರಬಹುದು ಎಂಬುದೇ ನನ್ನ ಪ್ರಶ್ನೆ. ಈ 13 ಆಲ್ಬಮ್‌ಗಳಲ್ಲಿ ನನ್ನ ಪ್ರಕಾರ ಅತಿ ವಿಚಿತ್ರ ಜಾಗದಲ್ಲಿ ಕೂತ ಹಾಡು ‘9’ ಅಲ್ಲ, ‘ಗುಡ್ ನೈಟ್’. ಒಪ್ಪದವರು ‘9’ಕ್ಕೆ ನಾದದಲ್ಲಿ, ಕಟ್ಟಿನಲ್ಲಿ ಐದೈದು ಕೊಟ್ಟು ನನ್ನನ್ನು ಸೋಲಿಸಬಹುದು, ಪದ್ಧತಿ ಅದಕ್ಕೆ ಅಡ್ಡ ಬರುವುದಿಲ್ಲ.

ಒಟ್ಟು ಅಂಕ ಸಮ ಬಂದರೆ ಜಾಗದ ಅಂಕ ಹೆಚ್ಚಿರುವ ಹಾಡು ಗೆಲ್ಲುತ್ತದೆ. ಅದೂ ಸಮವಾದರೆ ಚಿಕ್ಕ ಹಾಡು. ಚೀಟಿಗಳನ್ನು ಆಯಾ ಎಲ್‌ಪಿಯ ಕವರಿನೊಳಗೆ ಸೇರಿಸಬೇಡಿ, ತೇವ ಹಿಡಿದ ಶಾಯಿ ಕವರಿಗೆ ಅಂಟುತ್ತದೆ. ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.